ಜಲಜಮ್ಮನ ಪ್ರೊಸೆಸರ್

ಸಾಗರದ ಆ ಕಂಪ್ಯೂಟರ್ ಅಂಗಡಿಯಲ್ಲಿ ನಟರಾಜ್ ಹನ್ನೊಂದು ವರ್ಷ ಸ್ಕ್ರೂ ತಿರುಗಿಸಿದ್ದ. ಆದರೂ ತೀರ್ಥಹಳ್ಳಿಯಲ್ಲಿ ತೆರೆಯಲಿರುವ ಹೊಸ ಅಂಗಡಿಯನ್ನು ಮಾಲೀಕ ಮುಕುಂದಯ್ಯ ನಿರಂಜನನಿಗೆ ವಹಿಸಲು ಹೊರಟಿದ್ದರು. ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬದವನಿಗೆ! “ಜನ ಅವನನ್ನ ನಂಬ್ತಾರೆ ಕಣೋ,” ಎಂದಿದ್ದರು. ಆ ನಂಬಿಕೆಯನ್ನೇ ಮುರಿಯಬೇಕೆಂದು ನಟರಾಜ್ ಅಂದೇ ನಿಶ್ಚಯಿಸಿದ.

ಹೊಸನಗರದ ಅಂಗನವಾಡಿ ಜಲಜಮ್ಮ ಬಂದು, ಮಗಳು ಗೇಮ್ ಆಡಲು ಕಡಿಮೆ ಬೆಲೆಯ ಕಂಪ್ಯೂಟರ್ ಕೇಳಿದಾಗ ದಾರಿ ಕಂಡಿತು. ನಿರಂಜನ ಅರ್ಧ ದಿನ ಕೂತು ಆರಿಸಿದ.

“ದೊಡ್ಡ ಪ್ರೊಸೆಸರ್ ಬ್ಯಾಡ ಜಲಜಕ್ಕ. ಈ ಆರು ಕೋರಿಂದು ಸಾಕು. ಗ್ರಾಫಿಕ್ಸ್ ಒಳಗೇ ಇದೆ, ಬೇರೆ ಕಾರ್ಡ್ ಬೇಕಾಗಲ್ಲ.”

“ಆಟ ನಿಂತು ನಿಂತು ಹೋದ್ರೆ ಮಗಳು ನನ್ನ ಸುಮ್ನೆ ಬಿಡ್ತಾಳಾ?”

“ನಿಂತ್ರೆ ಬಂದು ನಂಗೇ ಬೈರಿ.”

ಬೈಯಲಿ, ಎಂದುಕೊಂಡ ನಟರಾಜ್. ಗುಜರಿಗೆ ಬಿದ್ದ ಯಂತ್ರವೊಂದರ ಎರಡೇ ಕೋರಿನ ಹಳೆಯ ಪ್ರೊಸೆಸರ್ ಚಿಪ್ ಅದೇ ಸಾಕೆಟ್ಟಿನಲ್ಲಿ ಕೂರುತ್ತಿತ್ತು.

ಹೊಸ ಅಂಗಡಿಗೆ ಬಣ್ಣ ಹೊಡೆಸಲು ಮುಕುಂದಯ್ಯ ಮೂರು ದಿನ ತೀರ್ಥಹಳ್ಳಿಗೆ ಹೋದರು. ಅಂಗಡಿಯಲ್ಲಿ ಉಳಿದವರು ಇವರಿಬ್ಬರೇ. ಎರಡನೆಯ ದಿನ ಬೆಳಿಗ್ಗೆ ನಿರಂಜನ ನಗುತ್ತ ಬಂದ. “ನಟಣ್ಣ, ಮನೆಯಿಂದ ಫೋನ್ ಬಂದಿತ್ತು...”

“ಮನೆ ಪುರಾಣ ಆಮೇಲೆ. ಮೊದ್ಲು ಕೆಲ್ಸ ನೋಡು ಮಾರಾಯ.”

ಮಧ್ಯಾಹ್ನ ನಿರಂಜನ ಯಂತ್ರ ಜೋಡಿಸಿ, ಪರೀಕ್ಷಿಸಿ, ಪೆಟ್ಟಿಗೆಗೆ ಇಳಿಸಿ ಊಟಕ್ಕೆ ಹೋದ. ನಟರಾಜ್ ಗ್ಲೌಸ್ ಹಾಕಿಕೊಂಡ. ಫ್ಯಾನ್ ಬಿಚ್ಚಿ, ಬೂದು ಪೇಸ್ಟ್ ಒರೆಸಿ, ಹೊಸ ಚಿಪ್ ಎತ್ತಿ ಹಳೆಯದನ್ನು ಕೂರಿಸಿದ. ಹೊಸದನ್ನು ಕಾಗದದಲ್ಲಿ ಸುತ್ತಿ ನಿರಂಜನನ ಟೂಲ್ ಬ್ಯಾಗಿನ ತಳಕ್ಕೆ ತುರುಕಿದ. ಮುಚ್ಚಳ ಹಾಕುವಾಗ ಕಂಡಿತು: ಕೇಸಿನ ಮೇಲೆ ಕುಂಕುಮವಿಲ್ಲ. ಜೋಡಿಸಿದವನು ಬೊಟ್ಟಿಡದೆ ಯಾವ ಯಂತ್ರವೂ ಆ ಅಂಗಡಿಯ ಹೊಸ್ತಿಲು ದಾಟುತ್ತಿರಲಿಲ್ಲ. ಇದನ್ನೂ ಮರೆತ, ಇವನಿಗೆ ತೀರ್ಥಹಳ್ಳಿ ಬೇರೆ! ಒಂದು ಕೂದಲೆಳೆಯೂ ಹೆಚ್ಚುಕಮ್ಮಿ ಕಾಣಬಾರದೆಂದು ದೇವರ ಪಟದ ಮುಂದಿನ ಬಟ್ಟಲಿಗೆ ಬೆರಳದ್ದಿ ತಾನೇ ಬೊಟ್ಟಿಟ್ಟು, ಪೆಟ್ಟಿಗೆಯನ್ನು ಮೊದಲಿನಂತೆಯೇ ಇಟ್ಟ.

ವಾರದೊಳಗೆ ಜಲಜಮ್ಮ ಯಂತ್ರ ಹೊತ್ತು ತಂದರು. ಆಟ ಹೆಜ್ಜೆಹೆಜ್ಜೆಗೂ ನಿಲ್ಲುತ್ತಿತ್ತು. ಪರದೆಯ ಮೇಲೆ ಬೇರೆಯೇ ಪ್ರೊಸೆಸರಿನ ಹೆಸರು ಬರುತ್ತಿದೆಯೆಂದು ಮಗಳು ಕಂಡುಹಿಡಿದಿದ್ದಳು. ಮುಕುಂದಯ್ಯ ತಾವೇ ಬಿಚ್ಚಿ ನೋಡಿದರು, ಆಮೇಲೆ ಇಬ್ಬರ ಬ್ಯಾಗನ್ನೂ ಸುರಿಸಿದರು. ನಿರಂಜನನ ಬ್ಯಾಗಿನಿಂದ ಕಾಗದದ ಪೊಟ್ಟಣ ಉರುಳಿತು. ಸ್ಟೇಷನ್ನಿಗೆ ಹೇಳಲು ಮುಕುಂದಯ್ಯ ಫೋನ್ ಎತ್ತಿದರು.

“ಪೊಲೀಸ್ ಬ್ಯಾಡ ಸಾರ್, ಸಣ್ಣ ವಯಸ್ಸು,” ಎಂದ ನಟರಾಜ್, ಮೆಲ್ಲಗೆ. ಅವರು ಫೋನ್ ಕೆಳಗಿಟ್ಟರು.

ಜಲಜಮ್ಮ ಕೇಸಿನ ಮೇಲಿನ ಬೊಟ್ಟನ್ನೇ ನೋಡುತ್ತಿದ್ದರು. “ಅದ್ಸರಿ, ಈ ಕುಂಕುಮ ಇಟ್ಟಿದ್ಯಾರು? ‘ಬೆಳಿಗ್ಗೆ ನಮ್ಮಣ್ಣಂಗೆ ಮಗು ಹುಟ್ಟಿದೆ ಅಕ್ಕ, ನಮಗೆ ಸೂತಕ, ಕುಂಕುಮ ಮುಟ್ಟೋ ಹಾಗಿಲ್ಲ, ಮನೇಲಿ ನೀವೇ ಇಟ್ಕೊಳ್ಳಿ’ ಅಂತ ಈ ಹುಡುಗ ಫೋನ್ ಮಾಡಿದ್ದ. ಪೆಟ್ಟಿಗೆ ಬಿಚ್ಚಿದ್ರೆ ಇತ್ತು. ಸಾರ್, ನೀವೇ ಇಟ್ಟಿರಬೇಕು ಅಂದ್ಕೊಂಡೆ.” ಮೂರೂ ದಿನ ತೀರ್ಥಹಳ್ಳಿಯಲ್ಲಿದ್ದ ಮುಕುಂದಯ್ಯ ನಟರಾಜನ ಕಡೆ ತಿರುಗಿದರು. ಕೆಳಗಿಟ್ಟ ಫೋನನ್ನು ಮತ್ತೆ ಎತ್ತಿಕೊಂಡರು.