ಲಗಮಣ್ಣನ ಬಲಗೈ

1938ನೆಯ ಇಸವಿ ಫೆಬ್ರುವರಿ 12, ಶನಿವಾರ, ಮುಂಜಾನೆ 10 ಗಂಟೆ 20 ನಿಮಿಷ. ಮೂಡಲಗಿ.

ನನ್ನ ಕೈಯಲ್ಲಿ ಸಿರಿಂಜು. ನನ್ನ ಕುತ್ತಿಗೆಯ ಮೇಲೆ ಕೊಡಲಿ.

ಕೊಡಲಿಯ ಅಂಚು ತಣ್ಣಗಿರುತ್ತದೆ... ಇದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

"ಅಣ್ಣ ಸತ್ತರ ನೀವೂ ಉಳಿಯೂದಿಲ್ಲ, ಡಾಕ್ಟರ್ರ," ಎಂದ ಲಗಮಣ್ಣ. ಗರಡಿ ಪೈಲವಾನ. ಬಾಗಿಲಷ್ಟು ಅಗಲ.

"ಹಂಗಾರ ಕೈ ಅಲುಗಸಬ್ಯಾಡ. ನಂದೂ ಅಲುಗತೈತಿ."

ಮಂಚದ ಮೇಲೆ ಅವನ ಅಣ್ಣ ಶಿದ್ಲಿಂಗಪ್ಪ. ಕಣ್ಣು ಬಾತು ಮುಚ್ಚಿದ್ದವು. ತುಟಿ ನೀಲಿ. ಗಂಟಲಲ್ಲಿ ಸೀಟಿ. ಅರ್ಧ ಸಿ.ಸಿ. ಅಡ್ರಿನಲಿನ್ ಚುಚ್ಚಿ ಗಡಿಯಾರ ನೋಡಿದೆ.

ಒಂದು ನಿಮಿಷ... ಮೂರು... ಆರು.

ಸೀಟಿ ನಿಂತಿತು. ಶಿದ್ಲಿಂಗಪ್ಪ ನೀರು ಕೇಳಿದ. ಕೊಡಲಿ ಕೆಳಗಿಳಿಯಿತು.

"ವಿಷ ಅಂತ ಬರದ ಕೊಡ್ರಿ," ಎಂದ ಲಗಮಣ್ಣ. "ನಾಳೆ ಪೊಲೀಸ್ ಫೌಜದಾರ ಬರ್ತಾರ. ಅತ್ತಿಗೀನ ಅವರ ಕೈಗೆ ಒಪ್ಪಸಿಬಿಡ್ತೇನಿ."

ಅತ್ತಿಗೆ ಗೌರವ್ವ ಅಡುಗೆಮನೆಯಲ್ಲಿದ್ದಳು. ಹೊರಗಿನಿಂದ ಚಿಲಕ. ಅಣ್ಣನಿಗೆ ಹೀಗಾದದ್ದು ಇದು ಮೂರನೆಯ ಸಲ. ಮೂರೂ ಸಲ ಅವಳು ಹುಕ್ಕೇರಿಯ ತವರಿನಿಂದ ಬಂದ ಮರುದಿನವೇ.

"ತವರಿಂದ ಏನ ತಂದಿದ್ಲು?"

"ಅಗಸಿ ಬೀಜದ ಹಿಂಡಿ, ಚಟ್ನಿಪುಡಿ. ಅಣ್ಣ ರೊಟ್ಟಿಗೆ ಹಚ್ಚಗೊಂಡ ತಿಂದ. ಗಂಟಲ ತುರಸಾಕತ್ತು."

"ನೀ ತಿನ್ನಲಿಲ್ಲೇನು?"

"ಅರ್ಧ ಡಬ್ಬಿ ನಾನ ತಿಂದೇನಿ. ನನಗೇನಾಗೈತಿ? ಅದಕ್ಕ ಅನ್ನೂದು, ವಿಷ ಅಣ್ಣನ ಗಂಗಾಳಕ್ಕಷ್ಟ ಬಿದ್ದೈತಿ."

ಚಿಲಕದ ಹಿಂದಿನಿಂದ ಗೌರವ್ವನ ದನಿ ಬಂತು. "ಡಾಕ್ಟರ್ರ, ನಮ್ಮ ಮನಿಯವರು ತಿಂದದ್ದು ಒಂದ ಚಿಟಿಕಿ. ಆಮ್ಯಾಲೆ ಆ ಪೈಲವಾನ ಏನ ಕುಡಿಸಿದಾ, ಅದನ್ನ ಕೇಳ್ರಿ."

"ಔಷಧ ಕುಡಿಸೇನಿ," ಎಂದು ಲಗಮಣ್ಣ ಗುರುಗುಟ್ಟಿದ. "ಅಗಸಿ ಕುದಿಸಿದ ಕಷಾಯ. ಗಂಟಲಿಗೆ ತಂಪು. ನಮ್ಮ ಅಜ್ಜಿ ಕಾಲದಿಂದ ಐತಿ."

"ಎಷ್ಟು?"

"ಒಂದ ತಂಬಿಗಿ."

"ಮೂರೂ ಸಲ?"

"ಹೂಂ."

ನನಗೆ ತಿಳಿಯಿತು. ಆದರೆ ಫೌಜದಾರನಿಗೆ ನನ್ನ ತಿಳಿವಳಿಕೆ ಬೇಕಾಗಿಲ್ಲ. ಅವನಿಗೆ ಕಣ್ಣಿಗೆ ಕಾಣುವುದು ಬೇಕು. ಇಲ್ಲವಾದರೆ ಗೌರವ್ವನಿಗೆ ಜೈಲು.

"ನಾ ಬರಿಯೂದಿಲ್ಲ. ನಿನ್ನ ಬಲಗೈ ಕೊಡು. ಅದ ಸಾಕ್ಷಿ ಹೇಳತೈತಿ."

ಶಿದ್ಲಿಂಗಪ್ಪ ಚೇತರಿಸಿಕೊಳ್ಳುವವರೆಗೆ ಕಾದು ಹತ್ತು ಸಿ.ಸಿ. ರಕ್ತ ತೆಗೆದೆ. ಸಂಜೆಯ ಹೊತ್ತಿಗೆ ಗೋಕಾಕದ ನನ್ನ ದವಾಖಾನೆಯತ್ತ ಮೋಟಾರು ಓಡಿಸಿದೆ. ನಾನು ಓಡಿಹೋಗದಿರಲೆಂದು ಲಗಮಣ್ಣ ಬಾಜೂಕ ಕುಳಿತ, ತೊಡೆಯ ಮೇಲೆ ಕೊಡಲಿ. ಎದುರು ಬಂದ ಚಕ್ಕಡಿಗಳೆಲ್ಲ ತಾವಾಗಿ ದಾರಿ ಬಿಟ್ಟವು. ಹಾರನ್ ಒತ್ತುವ ಕೆಲಸವೇ ಬರಲಿಲ್ಲ.

ದವಾಖಾನೆಯಲ್ಲಿ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ಬೇರೆ ಮಾಡಿದೆ.

"ನಿಮ್ಮಣ್ಣನ ರಕ್ತಕ್ಕ ಒಂದು ವಸ್ತು ಆಗಿಬರೂದಿಲ್ಲ. ಆ ರಕ್ತದ ಈ ತಿಳೀನ ನಿನ್ನ ತೊಗಲಾಗ ಒಂದು ಹನಿ ಇಡತೇನಿ. ಅಷ್ಟ ಜಾಗಾ ನಿಮ್ಮಣ್ಣ ಆಕ್ಕೈತಿ."

ಬಲಗೈಗೆ ಅಣ್ಣನ ರಕ್ತದ ತಿಳಿ. ಎಡಗೈಗೆ ಬರಿ ಉಪ್ಪುನೀರು. ಎರಡರ ಸುತ್ತಲೂ ಶಾಯಿಯಿಂದ ಗೆರೆ ಎಳೆದೆ. ನಾಳೆಯವರೆಗೆ ಅಗಸಿ ಮುಟ್ಟಕೂಡದು ಎಂದು ತಾಕೀತು ಮಾಡಿದೆ.

ಭಾನುವಾರ ಸಂಜೆ. ಮೂಡಲಗಿಯ ಅದೇ ಮನೆಯ ಪಡಸಾಲೆ. ಫೌಜದಾರ ಗುರುಲಿಂಗಪ್ಪನ ತೊಡೆಯ ಮೇಲೆ ಬೇಡಿ. ಕಂಬಕ್ಕೆ ಆತು ನಿಂತ ಗೌರವ್ವ ಆ ಬೇಡಿಯನ್ನೇ ನೋಡುತ್ತಿದ್ದಳು.

ನಾನು ಪೊಟ್ಟಣ ಬಿಚ್ಚಿದೆ. "ಈ ಅಗಸಿ ಗೋಕಾಕ ಪೇಟೆದು, ಫೌಜದಾರ್ರ. ಹುಕ್ಕೇರಿ ಡಬ್ಬಿ ಅಲ್ಲ. ಇದನ್ನ ಗೌರವ್ವ ಮುಟ್ಟಿಲ್ಲ."

ಕುಟ್ಟಿದ ಅಗಸಿಯನ್ನು ಲಗಮಣ್ಣ ಮುಷ್ಟಿ ತುಂಬ ಬಾಯಿಗೆ ಹಾಕಿಕೊಂಡ. "ಇದಕ್ಕ ಹೆದರೂ ಮಗಾ ನಾ ಅಲ್ಲ."

ಹತ್ತು ನಿಮಿಷ. ಫೌಜದಾರ ಆಕಳಿಸಿದ.

ಇಪ್ಪತ್ತು ನಿಮಿಷ... ನಾನು ಮತ್ತೆ ಗಡಿಯಾರ ನೋಡಿದೆ.

ಇಪ್ಪತ್ತೈದು. ಲಗಮಣ್ಣ ಬಲಗೈ ಕೆರೆದುಕೊಂಡ. ಮತ್ತೆ ಕೆರೆದುಕೊಂಡ. ಆಮೇಲೆ ನೋಡಿಕೊಂಡ. ಶಾಯಿಯ ಗೆರೆಯೊಳಗೆ ಚರ್ಮ ಊದಿ ಕೆಂಪು ಗಾದರಿ ಎದ್ದಿತ್ತು. ಎಡಗೈ ಮೊದಲಿನಂತೆಯೇ ಇತ್ತು.

"ಯಾಕ ಲಗಮಣ್ಣ," ಎಂದಳು ಗೌರವ್ವ ಮೆಲ್ಲಗೆ. "ನಿನ್ನ ಬಲಗೈಗೂ ನಾನ ವಿಷ ಹಾಕಿದ್ನ್ಯಾ?"

ಪೈಲವಾನ ಗೋಡೆಗೆ ಒರಗಿದ. "ವಿಷ ಅಲ್ಲ, ಅಣ್ಣನ ರಕ್ತಕ್ಕ ಅಗಸಿನ ಆಗಿಬರೂದಿಲ್ಲ. ಚಿಟಿಕಿ ಹಿಂಡಿಗೆ ಬರೆ ತುರಿಕಿ... ಮ್ಯಾಲೆ ತಂಬಿಗಿಗಟ್ಟಲೆ ಕುಡಿಸಿದಾಂವ ನಾನ."

ಅತ್ತಿಗೆಯ ಕಾಲು ಹಿಡಿಯಲು ಬಗ್ಗಿದ. ಅವಳು ಹಿಂದೆ ಸರಿದಳು. "ಮೊದಲ ಆ ಕಷಾಯದ ತಂಬಿಗಿ ತಿಕ್ಕಿ ಇಡು."

ಗುರುಲಿಂಗಪ್ಪ ಬೇಡಿಯನ್ನು ಚೀಲಕ್ಕೆ ಹಾಕಿ ಪೆನ್ಸಿಲು ತೆಗೆದ. "ಪಂಚನಾಮೆ ಬರೀಬೇಕಲ್ರಿ, ಡಾಕ್ಟರ್ರ. ಅಪರಾಧಿ ಎಷ್ಟ ದೊಡ್ಡಾಂವ ಅಂತ ಬರೀಲಿ?"

ನಾನು ಲಗಮಣ್ಣನ ಬಲಗೈಯ ಗಾದರಿಯ ಮೇಲೆ ಸ್ಕೇಲು ಇಟ್ಟೆ.

ಹದಿನಾರು ಮಿಲಿಮೀಟರ್.