ಕೆಂಪು ರಟ್ಟಿನ ಬಂಡೆರಾಯ

"ಕಲ್ಲಾಗಿ ಹೋದವನು ಎದ್ದು ಬಂದು ಸೂಪ್ ಕುಡಿದನಾ? ಯಾರ ಕಿವಿ ಮೇಲೆ ಹೂ ಇಡ್ತಿದ್ದೀಯೋ?"

ಗೋಡೆ ಪಕ್ಕದ ಬೆಂಚಿನಿಂದ ಲಾಯರ್ ಎದ್ದು ನಿಂತಿದ್ದಳು. ಅವಳೇನೂ ಕೋರ್ಟಿಗೆ ಹೋಗುವ ಲಾಯರ್ ಅಲ್ಲ, ಐದನೇ ಕ್ಲಾಸಿನ ಹುಡುಗಿ. ಹಾಜರಿ ಕರೆದರೂ "ನನ್ನ ಹೆಸರು ಯಾಕೆ ಕೊನೇಲಿ?" ಎಂದು ವಾದಕ್ಕೆ ನಿಲ್ಲುವವಳು. ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು.

"ಹೂಂ, ಎದ್ದು ಬಂದ. ಸೂಪೂ ಕುಡಿದ" ಎಂದ ಮುನಿ.

ಇಡೀ ಕ್ಲಾಸು ಅವನ ಕಡೆ ತಿರುಗಿತು. ಸೂಪಿನ ವಿಷಯ ಹಾಗಿರಲಿ, ಮುನಿ ಬಾಯಿ ಬಿಟ್ಟಿದ್ದೇ ದೊಡ್ಡ ಸುದ್ದಿ. ರಬ್ಬರ್ ಬೇಕಾದರೂ ಕೈ ಚಾಚಿ ಸುಮ್ಮನೆ ಕೂರುವ ಹುಡುಗ ಅವನು. ಅಂಥವನು ಇವತ್ತು ಕಿಟಕಿ ಕಡೆ ಎದ್ದು ನಿಂತು ಮಾತಾಡುತ್ತಿದ್ದ.

ಶುಕ್ರವಾರದ ಲೈಬ್ರರಿ ಪೀರಿಯಡ್ಡಿಗೆ ಒಂದು ನಿಯಮ ಇತ್ತು. ಮೇಡಂ ಒಂದು ಪುಸ್ತಕದ ಹೆಸರು ಹೇಳುತ್ತಿದ್ದರು. ಅದು ಇಷ್ಟವಾದವರು ಕಿಟಕಿ ಕಡೆ, ಆಗದವರು ಗೋಡೆ ಕಡೆ ಕೂರಬೇಕು. ವಾದ ಕೇಳಿ ಮನಸ್ಸು ಬದಲಾದರೆ ಎದ್ದು ಆ ಕಡೆ ಹೋಗಬಹುದು. ಯಾರೂ ನಗುವ ಹಾಗಿಲ್ಲ. ಆದರೂ ಎಲ್ಲರೂ ನಗುತ್ತಿದ್ದರು, ಅದು ಬೇರೆ ಮಾತು.

ಈ ವಾರದ ಪುಸ್ತಕ 'ಮೋಡ ಮೇಯಿಸುವವಳು'. ಬೆಟ್ಟದ ಮೇಲೆ ಒಬ್ಬ ಹುಡುಗಿ ಕುರಿಗಳ ಹಾಗೆ ಮೋಡಗಳನ್ನು ಮೇಯಿಸುತ್ತಾಳೆ. ಅವಳಿಗೆ ಆ ಕೆಲಸ ಕಲಿಸುವವನು ಬಂಡೆರಾಯ ಎಂಬ ಮುದಿ ದೈತ್ಯ.

"ಮೋಡ ಬಾಚೋದೇ ಒಂದು ಚಾಪ್ಟರ್. ಫೈಟಿಂಗೇ ಇಲ್ಲ. ನಂಗೆ ನಿದ್ದೆ ಬಂತು" ಎಂದಿತು ಗೋಡೆ.

"ಅವಳಿಗೆ ಸ್ಕೂಲೇ ಇಲ್ಲ! ಅದಕ್ಕೇ ಹತ್ತಕ್ಕೆ ಹತ್ತು ಕೊಡ್ತೀನಿ" ಎಂದಿತು ಕಿಟಕಿ.

"ಮೊದಲ ಪುಟದ ಮ್ಯಾಪ್ ಸೂಪರ್. ಕತೆ ಇನ್ನೂ ಓದಿಲ್ಲ" ಎಂದು ಒಬ್ಬ ಎರಡೂ ಕಡೆ ಕಾಲಿಟ್ಟು ನಿಂತಿದ್ದ.

ಕಿಟಕಿ ಕಡೆ ಮುನಿಯ ಪಕ್ಕದಲ್ಲಿ ಕೂತಿದ್ದವಳು ಗಿಟ್ಲೆ. ಒಂದು ಕಡೆ ನಿಲ್ಲದೆ ಗಿರಗಿಟ್ಲೆಯ ಹಾಗೆ ಸುತ್ತುವ ಹುಡುಗಿ ಎಂದು ಅವಳ ಅಪ್ಪ ಇಟ್ಟ ಹೆಸರು ಅದು, ಶಾಲೆಗೆ ಬರುವ ಹೊತ್ತಿಗೆ ಅರ್ಧವಾಗಿತ್ತು. ಗಿಟ್ಲೆ ಯಾವ ಪುಸ್ತಕವಾದರೂ ಮೊದಲ ಚಾಪ್ಟರ್ ಮತ್ತು ಕೊನೆಯ ಪುಟ ಓದಿ ಮುಗಿಸುತ್ತಿದ್ದಳು. ನಡುವಿನದು ಹೇಗೂ ಗೊತ್ತಾಗುತ್ತದೆ ಎಂಬುದು ಅವಳ ಲೆಕ್ಕ. ಅವಳು ಕಿಟಕಿ ಕಡೆ ಕೂತದ್ದಕ್ಕೆ ಕಾರಣ ಎರಡು: ಅಲ್ಲಿ ಗಾಳಿ ಬರುತ್ತಿತ್ತು, ಅಲ್ಲಿ ಮುನಿ ಇದ್ದ.

"ನಾನು ಪೂರ್ತಿ ಓದಿದ್ದೀನಿ ಮೇಡಂ" ಎಂದಳು ಲಾಯರ್. "ಬಂಡೆರಾಯ ಕಲ್ಲಾಗ್ತಾನೆ. ಮತ್ತೆ ಬರೋದೇ ಇಲ್ಲ. ಅದಕ್ಕೇ ನಂಗೆ ಈ ಪುಸ್ತಕ ಇಷ್ಟ ಇಲ್ಲ. ಇವನು ಓದೇ ಇಲ್ಲ. ಕನಸಲ್ಲಿ ಓದಿರಬೇಕು!"

ಕ್ಲಾಸು ಗೊಳ್ಳೆಂದು ನಕ್ಕಿತು. ಮುನಿಯ ಕಿವಿ ಕೆಂಪಾಯಿತು. ಅವನು ಮೆಲ್ಲಗೆ ಕೂತುಬಿಟ್ಟ.

"ಸರಿ ಸರಿ" ಎಂದರು ಮೇಡಂ. "ಲೈಬ್ರರೀಲಿ ಎರಡು ಕಾಪಿ ಇದೆ. ಹೊಸದು ಎಲ್ಲರ ಕೈ ದಾಟಿ ಈಗ ಇವಳ ಹತ್ರ ಇದೆ, ಹಳೇದು ಮುನಿ ಹತ್ರ. ಮುಂದಿನ ವಾರ ಎರಡೂ ತನ್ನಿ, ನೋಡೇಬಿಡೋಣ."

*

ಶಾಲೆ ಬಿಟ್ಟ ಮೇಲೆ ಗಿಟ್ಲೆ ಮುನಿಯ ಜೊತೆಗೇ ಹೊರಟಳು. "ಆ ಲಾಯರಿಗೆ ಸರಿಯಾಗಿ ತೋರಿಸೋಣ. ನಾನು ನಿನ್ನ ಕಡೆ" ಎಂದು ದಾರಿಯುದ್ದಕ್ಕೂ ಎಗರಾಡಿದಳು.

ಮುನಿಯ ಅಮ್ಮ ಟೈಲರ್. ಅಂಗಡಿಯ ಹಿಂದಿನ ಕೋಣೆಯೇ ಅವರ ಮನೆ. ಮಷೀನಿನ ಸದ್ದು ಗೋಡೆ ದಾಟಿ ಬರುತ್ತಿತ್ತು. ಮುನಿ ತಲೆದಿಂಬಿನ ಕೆಳಗಿನಿಂದ ಪುಸ್ತಕ ತೆಗೆದ.

ಕೆಂಪು ಬಟ್ಟೆಯ ರಟ್ಟು. ಬೆನ್ನಿನ ಮೇಲೆ ಒಣಗಿದ ಅಂಟಿನಲ್ಲಿ ಒಂದು ಪುಟ್ಟ ಹೆಬ್ಬೆರಳಿನ ಗುರುತು.

ಗಿಟ್ಲೆ ತನ್ನ ಹೆಬ್ಬೆರಳನ್ನು ಮೆಲ್ಲಗೆ ಆ ಗುರುತಿನ ಮೇಲಿಟ್ಟಳು. ಆ ಹೆಬ್ಬೆರಳು ಅವಳದೇ.

"ಇಲ್ಲಿ ನೋಡು" ಎಂದ ಮುನಿ. ಮನೆಯಲ್ಲಿ ಅವನು ಚೆನ್ನಾಗಿಯೇ ಮಾತಾಡುತ್ತಿದ್ದ. "ಬಂಡೆರಾಯನ ಕಾಲು ಕಲ್ಲಾಯ್ತು, ಸೊಂಟ ಕಲ್ಲಾಯ್ತು, ಎದೆ ಕಲ್ಲಾಯ್ತು. ಆಗ ಅವನು ಏನು ಹೇಳ್ತಾನೆ ಗೊತ್ತಾ? 'ಮಗಳೇ, ಇನ್ನು ಮುಂದೆ...'"

ಅವನು ಪುಟ ತಿರುಗಿಸಿದ.

"'...ಸೂಪಿಗೆ ಉಪ್ಪು ಕಡಿಮೆ ಹಾಕು!'"

ಹೇಳಿ ಮುನಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥಾ ಜೋಕು ನೋಡು! ಎಲ್ಲರೂ ಸತ್ತೇಹೋದ ಅಂದ್ಕೊಂಡಿರ್ತಾರೆ, ಇವನು ಉಪ್ಪಿನ ಬಗ್ಗೆ ಹೇಳ್ತಾನೆ! ಇನ್ನೊಂದು ಗುಟ್ಟು ಹೇಳ್ತೀನಿ. ಪುಟದ ನಂಬರ್ ಕೂಡ ಇಲ್ಲಿ ಹಿಂದಕ್ಕೆ ಹಾರುತ್ತೆ. ಅಂದ್ರೆ ಟೈಮ್ ಹಿಂದಕ್ಕೆ ಹೋಯ್ತು. ಬರೆದವರ ತಲೆ ಎಷ್ಟು ಚುರುಕು ಅಲ್ವಾ?"

ಗಿಟ್ಲೆಗೆ ಬರೆದವರ ತಲೆಗಿಂತ ತನ್ನ ತಲೆಯದೇ ಚಿಂತೆಯಾಗಿತ್ತು. "ಆಮೇಲೆ?" ಎಂದಳು.

"ಆಮೇಲೆ ಅವನು ಆಕಳಿಸ್ತಾ, 'ಇವತ್ತು ಮೋಡಗಳನ್ನು ನೀನೊಬ್ಬಳೇ ಮೇಯಿಸಬೇಕು' ಅಂತಾನೆ. ಹೋಗಿ ಮಲಗಿಬಿಟ್ಟಿರಬೇಕು. ಕೊನೇವರೆಗೂ ಏಳಲ್ಲ, ಸೋಮಾರಿ! ಎರಡನೇ ಭಾಗದಲ್ಲಿ ಎದ್ದೇ ಏಳ್ತಾನೆ, ನೋಡ್ತಿರು." ಮುನಿ ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟ. "ಅವನು ಕಲ್ಲಾದಾಗ ನಾನು ಬುಕ್ ಮುಚ್ಚಿಬಿಟ್ಟಿದ್ದೆ ಕಣೇ. ಮತ್ತೆ ತೆಗೆಯೋಕೆ ಧೈರ್ಯಾನೇ ಬಂದಿರ್ಲಿಲ್ಲ."

ಬಾಯಿಬಡಕಿ ಗಿಟ್ಲೆ ಚೀಲ ಎತ್ತಿಕೊಂಡು ಮನೆಗೆ ಓಡಿದಳು.

*

ಗಿಟ್ಲೆಯ ಅಪ್ಪ ಬೈಂಡರ್. ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕುವುದು ಅವರ ಕೆಲಸ. ಪುಸ್ತಕ ಎಂದರೆ ಒಂದೇ ಕಟ್ಟಲ್ಲ. ದೊಡ್ಡ ಹಾಳೆಯನ್ನು ಮಡಿಸಿದಾಗ ಹದಿನಾರು ಪುಟವಾಗುತ್ತದೆ, ಅದಕ್ಕೆ ಫಾರಂ ಎನ್ನುತ್ತಾರೆ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿದರೆ ಪುಸ್ತಕ. ಹೊಲಿಯುವ ಮೊದಲು ಪುಟದ ನಂಬರುಗಳನ್ನು ಬೆರಳಾಡಿಸಿ ನೋಡಲೇಬೇಕು. ಅಪ್ಪ ಅದನ್ನು ಬಿಟ್ಟವರಲ್ಲ.

ರಜೆಯಲ್ಲಿ ಒಂದು ದಿನ ಶಾಲೆಯ ಪುಸ್ತಕಗಳ ರಾಶಿ ಬಂದಿತ್ತು. ಜೋಡಿಸುವ ಕೆಲಸ ಗಿಟ್ಲೆಯದು. ಹೊರಗೆ ಗೆಳತಿಯರು ಸೈಕಲ್ ಬೆಲ್ ಬಾರಿಸುತ್ತಿದ್ದರು. "ನಂಬರ್ ಚೆಕ್ ಆಯ್ತೇನಮ್ಮಾ?" ಎಂದು ಅಪ್ಪ ಸೂಜಿಗೆ ದಾರ ಪೋಣಿಸುತ್ತ ಕೇಳಿದ್ದರು. "ಆಯ್ತು ಅಪ್ಪಾ!" ಎಂದು ಗಿಟ್ಲೆ ಆಗಲೇ ಬಾಗಿಲು ದಾಟಿದ್ದಳು. ಚೆಕ್ ಆಗಿರಲಿಲ್ಲ, ಮೊದಲು ಬರಬೇಕಾದ ಸೂಪಿನ ಫಾರಂ ಕಲ್ಲಾಗುವ ಫಾರಂ ಆದಮೇಲೆ ಹೋಗಿ ಕೂತಿತ್ತು. ಅಪ್ಪ ಮಗಳ ಮಾತು ನಂಬಿ ಹೊಲಿದಿದ್ದರು; ಸಂಜೆ ಬಂದ ಗಿಟ್ಲೆ ಕೆಂಪು ರಟ್ಟನ್ನು ಅಂಟಿಗೆ ಒತ್ತಿ ಹಿಡಿದಿದ್ದಳಷ್ಟೇ.

ಇದನ್ನೆಲ್ಲ ಗಿಟ್ಲೆ ಈಗ ಒಂದೇ ಉಸಿರಿನಲ್ಲಿ ಅಪ್ಪನಿಗೆ ಹೇಳಿಬಿಟ್ಟಳು.

ಅಪ್ಪ ಅಂಟಿನ ಬ್ರಷ್ ಕೆಳಗಿಟ್ಟರು. "ಅಂದ್ರೆ ಸತ್ತವನನ್ನ ಬದುಕಿಸಿಬಿಟ್ಟೆ ಅನ್ನು. ಡಾಕ್ಟರಿಗೂ ಆಗದ ಕೆಲಸ!"

"ತಮಾಷೆ ಮಾಡಬೇಡ ಅಪ್ಪಾ. ಎಲ್ಲರೂ ಮುನೀನ ಸುಳ್ಳ ಅಂತಿದ್ದಾರೆ."

ಅಪ್ಪನ ಮುಖದ ನಗು ಮೆಲ್ಲಗೆ ಇಳಿಯಿತು. "ಹೊಲಿಗೆ ಬಿಚ್ಚಿ ಸರಿ ಮಾಡೋದು ನನ್ನ ಕೆಲಸ. ತಗೊಂಡ್ ಬಾ, ಮಾಡಿಕೊಡ್ತೀನಿ. ಅವನಿಗೆ ಹೇಳೋದು ಯಾರ ಕೆಲಸ?"

ಮುನಿ ಸುಳ್ಳ ಅಲ್ಲ ಎಂದು ತೋರಿಸಬೇಕಾದರೆ ಬಂಡೆರಾಯನನ್ನು ಮತ್ತೆ ಕಲ್ಲು ಮಾಡಬೇಕಿತ್ತು. ದಿನವೂ ಹೇಳಬೇಕೆಂದು ಗಿಟ್ಲೆ ಮುನಿಯ ಪಕ್ಕದಲ್ಲಿ ಕೂತಳು, ದಿನವೂ ಬೇರೆ ಏನನ್ನೋ ಹೇಳಿ ಎದ್ದಳು. ಹಾಗೇ ಶುಕ್ರವಾರ ಬಂದುಬಿಟ್ಟಿತು.

*

ಮೇಡಂ ಎರಡೂ ಪುಸ್ತಕಗಳನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಲಾಯರ್ ಸೊಂಟದ ಮೇಲೆ ಕೈಯಿಟ್ಟು ಸಿದ್ಧಳಾದಳು. ಮುನಿ ಮುಂದೆ ಬಂದು ಪುಟದ ನಂಬರ್ ತೋರಿಸಲು ಬೆರಳು ಚಾಚಿದ.

"ಅದು ನನ್ನ ತಪ್ಪು!" ಎಂದು ಗಿಟ್ಲೆ ಕೂಗಿದಳು. ಇಷ್ಟು ಜೋರಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಫಾರಂ ಹಿಂದುಮುಂದಾದದ್ದು, ಸೈಕಲ್ ಬೆಲ್, ಅಪ್ಪನಿಗೆ ಹೇಳಿದ ಸುಳ್ಳು, ಎಲ್ಲ ಹೊರಬಂತು. "ಮುನಿ ಹೇಳಿದ್ದು ನಿಜ. ಆ ಪುಸ್ತಕದಲ್ಲಿ ಹಾಗೇ ಇದೆ. ಬರೆದವರು ಹಾಗೆ ಬರೆದಿಲ್ಲ, ಅಷ್ಟೇ."

"ನಾನು ಹೇಳಲಿಲ್ವಾ!" ಎಂದು ಲಾಯರ್ ಕೆಂಪು ಪುಸ್ತಕ ಎಳೆದುಕೊಂಡಳು. ಓದಿದಳು. ಪುಟ ತಿರುಗಿಸಿದಳು. ಉಪ್ಪು ಕಡಿಮೆ ಹಾಕು ಎಂಬಲ್ಲಿಗೆ ಬಂದವಳೇ ಮೇಜು ಹಿಡಿದುಕೊಂಡು ನಕ್ಕಳು. "ಅಯ್ಯೋ, ಇದೇ ಚೆನ್ನಾಗಿದೆ ಮೇಡಂ!" ಎಂದು ಗೋಡೆ ಕಡೆಯಿಂದ ಎದ್ದು ಕಿಟಕಿ ಕಡೆ ಬಂದು ಕೂತಳು. ಹತ್ತಾರು ಕೈಗಳು ಕೆಂಪು ಪುಸ್ತಕಕ್ಕೆ ಮುಗಿಬಿದ್ದವು. ಮ್ಯಾಪ್ ಹುಡುಗ ಕೂಡ ಕತೆ ಓದಲು ಒಪ್ಪಿದ.

ಮುನಿ ಮಾತ್ರ ನಗಲಿಲ್ಲ. "ಅಂದ್ರೆ ಅವನು ಮಲಗಿರಲಿಲ್ವಾ?" ಎಂದು ಗಿಟ್ಲೆಯನ್ನು ಕೇಳಿದ.

ಗಿಟ್ಲೆ ಇಲ್ಲ ಎಂದು ತಲೆಯಾಡಿಸಿದಳು.

ಮುನಿ ಎದ್ದು ಹೋಗಿ, ಗೋಡೆ ಕಡೆ, ಖಾಲಿ ಬೆಂಚಿನಲ್ಲಿ ಒಬ್ಬನೇ ಕೂತ.

*

ಶನಿವಾರ ಮಧ್ಯಾಹ್ನ ಅವನು ಬೈಂಡಿಂಗ್ ಅಂಗಡಿಗೆ ಬಂದ. ಕಂಕುಳಲ್ಲಿ ಕೆಂಪು ಪುಸ್ತಕ ಇತ್ತು. ಗಿಟ್ಲೆಯ ಕಡೆ ನೋಡಲಿಲ್ಲ.

"ಹೀಗೇ ಇರಲಿ ಅಂದ್ರೂ ಮೇಡಂ ಒಪ್ತಾರಂತಲ್ಲಪ್ಪ?" ಎಂದರು ಅಪ್ಪ.

"ಬೇಡ ಅಂಕಲ್, ಸರಿ ಮಾಡಿ. ಇನ್ನೊಬ್ಬರು ಓದಿ, ಎದ್ದು ಬರ್ತಾನೆ ಅಂತ ಕಾಯ್ತಾರೆ."

ಅಪ್ಪ ಬೆನ್ನಿನ ಬಟ್ಟೆ ಬಿಡಿಸಿದರು, ದಾರ ಕತ್ತರಿಸಿದರು. ಪುಸ್ತಕ ಮತ್ತೆ ಫಾರಂಗಳ ರಾಶಿಯಾಯಿತು. ಅಪ್ಪ ರಾಶಿಯನ್ನು ಗಿಟ್ಲೆಯ ಮುಂದೆ ತಳ್ಳಿದರು. ಮುನಿ ರಟ್ಟುಗಳ ಅಟ್ಟಿಯ ಮೇಲೆ, ಸ್ವಲ್ಪ ದೂರದಲ್ಲಿ ಕೂತ.

ಗಿಟ್ಲೆ ಜೋಡಿಸಿದಳು. ಆಮೇಲೆ ಬೆರಳಿಟ್ಟು ಒಂದೊಂದೇ ನಂಬರ್ ನೋಡುತ್ತ ಹೋದಳು. ನಂಬರಿನ ಮೇಲಿದ್ದ ಬೆರಳು ಯಾವಾಗ ಸಾಲುಗಳ ಮೇಲೆ ಬಂತೋ ಅವಳಿಗೆ ಗೊತ್ತಾಗಲಿಲ್ಲ. ಹುಡುಗಿ ಮೋಡದ ಸಿಕ್ಕು ಬಿಡಿಸಿದಳು. ಬಂಡೆರಾಯ ಸೂಪ್ ಉಗುಳಿ, ಉಪ್ಪು ಕಡಿಮೆ ಹಾಕು ಎಂದು ಬೈದ. ಗಿಟ್ಲೆ ಕಿಸಕ್ಕೆಂದಳು. ಕಾಲು ಕಲ್ಲಾಯಿತು. ಸೊಂಟ ಕಲ್ಲಾಯಿತು. ಎದೆ ಕಲ್ಲಾಯಿತು. "ಮಗಳೇ, ಇನ್ನು ಮುಂದೆ..."

ಅವಳು ಪುಟ ತಿರುಗಿಸಿದಳು.

"...ಮೋಡಗಳನ್ನು ನೀನೊಬ್ಬಳೇ ಮೇಯಿಸಬೇಕು."

ಹುಡುಗಿ ಹೂಂ ಎಂದಳು. ಬಂಡೆರಾಯನ ಮಾತು ಅಲ್ಲಿಗೆ ಮುಗಿದಿತ್ತು.

ಗಿಟ್ಲೆ ಮುಂದಿನ ಪುಟ ತಿರುಗಿಸಲಿಲ್ಲ. ಆಮೇಲೆ ಒಂದೊಂದೇ ಪುಟ ಹಿಂದಕ್ಕೆ ಹೋದಳು. ಕಲ್ಲು ದಾಟಿ, ಇನ್ನೂ ಹಿಂದಕ್ಕೆ. ಅಲ್ಲಿ ಅವನು ಇದ್ದ, ಮೂಗು ಸಿಂಡರಿಸಿಕೊಂಡು, ಕೈಯಲ್ಲಿ ಸೌಟು ಹಿಡಿದು.

"ಎಲ್ಲಿದ್ದೀಯ?" ಎಂದು ದೂರದಿಂದ ಮುನಿ ಕೇಳಿದ. ನಿನ್ನೆಯಿಂದ ಈಚೆಗೆ ಅವಳಿಗೆ ಅವನು ಆಡಿದ ಮೊದಲ ಮಾತು ಅದು.

"ಸೂಪ್ ಹತ್ರ. ವಾಪಸ್ ಬಂದೆ."

ಮುನಿ ಎದ್ದು ಬಂದು ಪಕ್ಕದಲ್ಲಿ ಕೂತ. ಗಿಟ್ಲೆ ಫಾರಂ ಅನ್ನು ಇಬ್ಬರಿಗೂ ಕಾಣುವ ಹಾಗೆ ಸ್ವಲ್ಪ ಆ ಕಡೆಗೆ ಸರಿಸಿದಳು.

ಅಪ್ಪ ಸೂಜಿಗೆ ದಾರ ಪೋಣಿಸಿಕೊಂಡು ಕಾಯುತ್ತಿದ್ದರು. "ಚೆಕ್ ಆಯ್ತೇನಮ್ಮಾ?"

ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸಿದರು.

"ಇನ್ನೂ ಇಲ್ಲ ಅಪ್ಪಾ" ಎಂದಳು ಗಿಟ್ಲೆ. "ಸ್ವಲ್ಪ ಹೊತ್ತು ಬೇಕು."