ಉಪ್ಪಿನಕಾಯಿ ಬಾಟಲಿಯ ಸಾಕ್ಷಿ

“ಟೀಚರಮ್ಮ, ನನ್ನ ಹೆಂಡ್ತೀನ ಸಾಯಂಕಾಲದ ಬಸ್ಸಿಗೆ ತವರಿಗೆ ಅಟ್ತಾ ಅವ್ರೆ. ಮೇನಕಾ ಕದ್ದಿಲ್ಲ. ನೀವೊಂದ್ಸಲ ಬನ್ನಿ.”

ಬಾಗಿಲಲ್ಲಿ ನಿಂತಿದ್ದ ಮಾದೇಶ್ ಚಪ್ಪಲಿ ಬಿಡುವುದನ್ನೂ ಮರೆತಿದ್ದ. ಮಂಜುಳಮ್ಮನವರು ಕೊಳತ್ತೂರಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಊರಲ್ಲಿ ಏನೇ ಕಳೆದರೂ ಜನ ಮೊದಲು ಅವರಲ್ಲಿಗೇ ಬರುತ್ತಿದ್ದರು. ನಾನು ಅವರ ಹಿಂಬದಿಯ ಕೋಣೆಯ ಬಾಡಿಗೆದಾರ; ಹಗಲು ಮೆಟ್ಟೂರಿನಲ್ಲಿ ಗುಮಾಸ್ತ, ಸಂಜೆ ಸೇಲಂನ ತರಗತಿಯಲ್ಲಿ ವಿದ್ಯಾರ್ಥಿ. ಅಂದು ರಜೆಯಾದ್ದರಿಂದ ಮನೆಯಲ್ಲಿದ್ದೆ.

ಕಳೆದದ್ದು ದೇವರ ಕೋಣೆಯಲ್ಲಿಟ್ಟಿದ್ದ ಒಂದು ಕಬ್ಬಿಣದ ಪೆಟ್ಟಿಗೆ. ಅದರಲ್ಲಿ ಬೆಳ್ಳಿಯ ಒಡ್ಯಾಣವಿತ್ತು. ಮಾದೇಶನ ತಮ್ಮನ ಹೆಂಡತಿ ರೋಜಾ ಮದುವೆಯಲ್ಲಿ ತಂದದ್ದು. ಅದನ್ನು ಸೇಲಂಗೆ ಒಯ್ದು ಕರಗಿಸಿ, ಮದುವೆಗೆ ನಿಂತಿದ್ದ ಮಾದೇಶನ ತಂಗಿ ಅರ್ಚನಾಳ ಕಾಲಿಗೆ ಕೊಲುಸು ಮಾಡಿಸಬೇಕೆಂದು ಅವನ ತಾಯಿ ಚೆಲ್ಲಮ್ಮ ತೀರ್ಮಾನಿಸಿದ್ದರು.

“ಎಲ್ಲಾರೂ ಲಗ್ನಪತ್ರಿಕೆ ಕೊಡಾಕೆ ಓಗಿದ್ವಿ. ಮನೇಲಿ ಇದ್ದೋಳು ಮೇನಕಾ ಒಬ್ಳೇ.”

“ಒಬ್ಬಳೇನಾ?”

“ರೋಜಾ ಇದ್ಲು. ಆದ್ರೆ ಅವಳು ಬಾಣಂತಿ ಅಲ್ವಾ, ಲೆಕ್ಕಕ್ಕಿಲ್ಲ. ದೇವರ ಕೋಣೆ ಕಡೆ ಕಾಲಿಡೋ ಹಂಗಿಲ್ಲ.”

ಮಂಜುಳಮ್ಮ ನನ್ನ ಮೇಜಿನತ್ತ ನೋಡಿದರು. “ಮಣಿ, ನಿನ್ನ ಬಾಟಲಿ ತಗೋ.”

ತರಗತಿಯ ಪ್ರದರ್ಶನಕ್ಕೆಂದು ನಾನೇ ಕಟ್ಟಿದ್ದ ಯಂತ್ರ ಅದು. ಉಪ್ಪಿನಕಾಯಿ ಬಾಟಲಿಯೊಳಗೆ ರೇಷ್ಮೆ ದಾರ. ದಾರದ ತುದಿಗೆ ಅಯಸ್ಕಾಂತಕ್ಕೆ ಉಜ್ಜಿದ ಬ್ಲೇಡಿನ ಚೂರು, ಅದಕ್ಕಂಟಿಸಿದ ಕನ್ನಡಿ ಚೂರು. ಟಾರ್ಚಿನ ಬೆಳಕು ಕನ್ನಡಿಗೆ ಬಡಿದು ಎದುರಿನ ಕಾಗದದ ಮೇಲೆ ಚುಕ್ಕೆಯಾಗಿ ಬೀಳುತ್ತಿತ್ತು. ಕಬ್ಬಿಣ ಹತ್ತಿರ ಬಂದರೆ ಬ್ಲೇಡು ತಿರುಗಿ ಚುಕ್ಕೆ ಸರಿಯಬೇಕು. ಆದರೆ ಅದು ಯಾವಾಗಲೂ ನಡುಗುತ್ತಿತ್ತು, ನನ್ನ ಹಾಗೆಯೇ. ದಾರ ಸರಿಯಿದೆಯೇ, ಗಂಟು ಬಿಗಿಯೇ ಎಂದು ರಾತ್ರಿಯೆಲ್ಲ ಚಿಂತಿಸಿದ್ದೆ.

ಮಾದೇಶನ ಮನೆಯಲ್ಲಿ ಮೇನಕಾ ತನ್ನ ಬಟ್ಟೆಯ ಚೀಲದ ಪಕ್ಕದಲ್ಲಿ ತಲೆತಗ್ಗಿಸಿ ಕುಳಿತಿದ್ದಳು. ಬಾಟಲಿ, ಟಾರ್ಚು, ಕಾಗದ ಮೂರನ್ನೂ ಬಿಗಿದಿದ್ದ ಹಲಗೆಯನ್ನು ನಡುಮನೆಯ ಮಧ್ಯದಲ್ಲಿ, ಉದ್ದಗೋಡೆಗೆ ಸಮಾಂತರವಾಗಿ ಇಟ್ಟೆ. ಚುಕ್ಕೆ ನಿಂತಲ್ಲಿ ಪೆನ್ಸಿಲ್ ಗುರುತು ಹಾಕಿದೆ. ಮೊದಲು ಹಿತ್ತಲಿನ ಹುಲ್ಲಿನ ಮೆದೆಯ ಬಳಿ ಚುಕ್ಕೆ ಹಾರಿತು. ಎಲ್ಲರೂ ಸೇರಿ ಮೆದೆ ಕೆದಕಿದರು. ಸಿಕ್ಕಿದ್ದು ತುಕ್ಕು ಹಿಡಿದ ನೇಗಿಲ ಗುಳ.

“ಮೆಷಿನ್ ಸೂಪರಾಗೈತೆ ಅಣ್ಣ!” ಎಂದಳು ಅರ್ಚನಾ. “ನಮ್ ತಾತ ಕಳೆದಾಕಿದ್ದು ಸಿಕ್ತು.”

ಒಳಗೆ ಬಂದು ಬಾಣಂತಿ ಕೋಣೆಯ ತೆಳು ಮಣ್ಣುಗೋಡೆಯ ಪಕ್ಕ ಅದೇ ದಿಕ್ಕಿಗೆ ಹಲಗೆಯಿಟ್ಟಾಗ ಚುಕ್ಕೆ ಗುರುತಿನಿಂದ ಬಹಳ ದೂರ ಸರಿಯಿತು.

“ಅದು ಕುಡ್ಲು ಕಣಪ್ಪ,” ಎಂದರು ಚೆಲ್ಲಮ್ಮ. “ಗಾಳಿ ಸೋಕದಂಗೆ ದಿಂಬಿನ ಕೆಳಗಿಟ್ಟಿರೋದು.”

“ಒಳಗೆ ಬೇರೆ ಕಬ್ಬಿಣ ಇದೆಯಾ?” ಕೇಳಿದರು ಮಂಜುಳಮ್ಮ.

“ಏನೈತೆ? ಹಗ್ಗದ ಮಂಚ, ಮಣ್ಣಿನ ಅಗ್ಗಿಷ್ಟಿಕೆ, ಹಳೇ ಸೀರೆ. ನಾನೊಬ್ಬಳೇ ಒಳಗೆ ಓಗಿ ಬರೋದು. ಮೇನಕಾನ ಬಿಟ್ಟಿಲ್ಲ. ಮಕ್ಕಳಿಲ್ಲದೋಳ ಕಣ್ಣು ಕೂಸಿನ ಮೇಲೆ ಬೀಳಬಾರ್ದು ನೋಡಿ.”

ಮೇನಕಾ ಚೀಲದ ಬಾಯಿಯನ್ನು ಇನ್ನಷ್ಟು ಬಿಗಿದು ಕಟ್ಟಿದಳು.

ಅಷ್ಟರಲ್ಲಿ ರೋಜಾ ಮಗುವಿಗೆ ಎಳೆಬಿಸಿಲು ಕಾಯಿಸಲು ಹೊರಗೆ ಬಂದಳು. ಬಾಣಂತಿ ಹೊಸ್ತಿಲು ದಾಟುವಾಗ ಕಬ್ಬಿಣ ಕೈಬಿಡಬಾರದು. ಒಂದು ತೋಳಲ್ಲಿ ಮಗು, ಇನ್ನೊಂದು ಕೈಯಲ್ಲಿ ದಿಂಬಿನ ಕೆಳಗಿದ್ದ ಆ ಕುಡುಗೋಲು. ಅವಳು ಪಕ್ಕದಲ್ಲಿ ಹಾದಾಗ ಚುಕ್ಕೆ ಒಮ್ಮೆ ಜಿಗಿಯಿತು. ಅವಳು ಹಿತ್ತಲಿಗೆ ಹೋದ ಮೇಲೆ ತೂಗಾಡಿ ನಿಂತಿತು. ಆದರೆ ಪೆನ್ಸಿಲ್ ಗುರುತಿಗೆ ಬರಲಿಲ್ಲ. ಹೆಚ್ಚುಕಡಿಮೆ ಮೊದಲಿನಷ್ಟೇ ದೂರದಲ್ಲಿ ನಿಂತಿತ್ತು.

“ಕ್ಷಮಿಸಿ ಟೀಚರ್, ದಾರ ತಿರುಚಿಕೊಂಡಿರಬೇಕು. ಬಿಚ್ಚಿ ಬೇರೆ ಕಟ್ತೀನಿ,” ಎಂದೆ.

“ಮುಟ್ಟಬೇಡ. ನಡುಮನೆ ಮಧ್ಯಕ್ಕೆ ಇಡು.”

ಇಟ್ಟೆ. ಚುಕ್ಕೆ ಸೀದಾ ಪೆನ್ಸಿಲ್ ಗುರುತಿನ ಮೇಲೆ ಬಂತು. ಮತ್ತೆ ಗೋಡೆಯ ಬಳಿ ಇಟ್ಟೆ. ಮತ್ತೆ ದೂರ ಹೋಯಿತು. ನನಗೆ ಇನ್ನೂ ಹೊಳೆಯಲಿಲ್ಲ. ಮಂಜುಳಮ್ಮ ಮಾತ್ರ ಸೆರಗು ಸರಿಮಾಡಿಕೊಂಡು, “ಎಲ್ಲರೂ ಕೂತ್ಕೊಳ್ಳಿ. ರೋಜಾನೂ ಬರಲಿ,” ಎಂದರು.

ರೋಜಾ ಕಂಬಕ್ಕೊರಗಿ ನಿಂತಳು.

“ಚೆಲ್ಲಮ್ಮ, ಕೋಣೆಯಲ್ಲಿದ್ದ ಕಬ್ಬಿಣ ಕುಡುಗೋಲು ಒಂದೇ ಅಂದಿರಿ. ಅದು ಈಗ ಇವಳ ಕೈಯಲ್ಲಿದೆ. ಅದು ದೂರ ಹೋದ ಮೇಲೂ ಬೆಳಕು ವಾಪಸ್ ಬರಲಿಲ್ಲ. ಯಂತ್ರ ಕೆಟ್ಟಿದೆ ಅಂತ ಮಣಿ ಹೆದರಿದ. ಕೆಟ್ಟಿದ್ದರೆ ರೋಜಾ ಹಾದಾಗ ಚುಕ್ಕೆ ಜಿಗಿಯುತ್ತಿರಲಿಲ್ಲ. ನಡುಮನೆಯಲ್ಲಿ ಗುರುತಿಗೆ ಬರುತ್ತಲೂ ಇರಲಿಲ್ಲ. ಅಂದರೆ ಆ ಗೋಡೆಯ ಹಿಂದೆ ಇನ್ನೂ ಕಬ್ಬಿಣ ಇದೆ.”

ಚೆಲ್ಲಮ್ಮ ಕೋಣೆಯತ್ತ ಎದ್ದರು; ಮಂಜುಳಮ್ಮ ಕೈಸನ್ನೆ ಮಾಡಿ ಕೂರಿಸಿದರು.

“ಇಟ್ಟವರು ಯಾರು? ಮೇನಕಾ ಅಲ್ಲ. ಅವಳನ್ನು ಆ ಹೊಸ್ತಿಲು ದಾಟಲು ನೀವೇ ಬಿಟ್ಟಿಲ್ಲ. ಅವಳು ದಾಟಿದ್ದರೆ ಒಳಗಿದ್ದ ರೋಜಾ ಕೂಗಬೇಕಿತ್ತು. ನೀವೂ ಅಲ್ಲ. ಒಡ್ಯಾಣ ಕರಗಿಸಲು ಹೊರಟವರೇ ನೀವು, ಬಚ್ಚಿಟ್ಟು ಏನು ಮಾಡ್ತೀರಿ? ಯಾರು ಮುಟ್ಟಬಹುದು ಅಂತ ಎಲ್ಲರೂ ಯೋಚಿಸಿದಿರಿ. ಮುಟ್ಟಬಾರದವಳು ಮುಟ್ಟಿರಬಹುದು ಅಂತ ಯಾರೂ ಯೋಚಿಸಲಿಲ್ಲ.” ದನಿ ತಗ್ಗಿಸಿದರು. “ಆ ಒಡ್ಯಾಣ ಯಾರದಮ್ಮ, ರೋಜಾ?”

“ನಮ್ಮಮ್ಮಂದು,” ಎಂದಳು ರೋಜಾ. ಅವಳಿಗೆ ತಾಯಿ ಇಲ್ಲವೆಂದೇ ಬಾಣಂತನ ಇಲ್ಲಿ ನಡೆಯುತ್ತಿತ್ತು. “ಅಮ್ಮಂದು ಅಂತ ಉಳ್ದಿರೋದು ಅದೊಂದೇ. ಕರಗಿಸಬೇಡಿ ಅಂದ್ರೆ ಕೇಳಿದ್ರಾ ಅತ್ತೆ? ಕೀ ಇರ್ಲಿಲ್ಲ, ಪೆಟ್ಟಿಗೆ ಸಮೇತ ತಂದೆ. ಅಕ್ಕನ ಮೇಲೆ ಬತ್ತದೆ ಅಂತ ಗೊತ್ತಿರ್ಲಿಲ್ಲ... ಬಂದ ಮೇಲೆ ಬಾಯಿ ಬರ್ಲಿಲ್ಲ.”

ಮಂಚದ ಕೆಳಗೆ, ಗೋಡೆಗೆ ಒತ್ತಿದ್ದ ಹಳೇ ಸೀರೆಗಳ ರಾಶಿಯಿಂದ ಚೆಲ್ಲಮ್ಮ ಪೆಟ್ಟಿಗೆ ತಂದರು. ಯಾರೂ ಅದನ್ನು ತೆರೆಯಲಿಲ್ಲ.

ರೋಜಾ ಕುಡುಗೋಲನ್ನು ನೆಲಕ್ಕಿಟ್ಟು, ಮೇನಕಾಳ ಮುಂದೆ ಕುಳಿತು, ಮಗುವನ್ನು ಅವಳ ಮಡಿಲಿಗೆ ಹಾಕಿದಳು. “ನೋಡಕ್ಕ. ಚೆನ್ನಾಗಿ ನೋಡು.”

ಚೆಲ್ಲಮ್ಮ ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಟ್ಟರು. ಮೇನಕಾ ಮಗುವಿನ ಮುಷ್ಟಿಯನ್ನು ಬೆರಳಿಂದ ಬಿಡಿಸಿ ನೋಡಿದಳು. ಬಹಳ ಹೊತ್ತಿನ ಮೇಲೆ ಮಗುವನ್ನು ರೋಜಾಳಿಗೆ ಕೊಟ್ಟು, ಚೀಲ ಎತ್ತಿಕೊಂಡಳು.

“ಬ್ಯಾಡ ಕಣವ್ವ, ತಪ್ಪಾಗೋಯ್ತು,” ಎಂದರು ಚೆಲ್ಲಮ್ಮ.

“ಅಟ್ಟಿದ್ರಲ್ಲ ಅತ್ತೆ, ಓಗ್ತೀನಿ. ಕರಿಯಾಕೆ ನೀವೇ ಬನ್ನಿ. ಬಂದ್ರೆ ಬತ್ತೀನಿ.”

ಮಾದೇಶ್ ಅವಳ ಕೈಯಿಂದ ಚೀಲ ತೆಗೆದುಕೊಂಡು ಅವಳ ಜೊತೆಯಲ್ಲೇ ಹೊರಟ.

ದಾರಿಯಲ್ಲಿ ನಾನು ಬಾಟಲಿಯನ್ನು ಎದೆಗವಚಿ ನಡೆಯುತ್ತಿದ್ದೆ. “ಪ್ರದರ್ಶನಕ್ಕೆ ಮುಂಚೆ ದಾರ ಒಂದು ಬದಲಾಯಿಸಲಾ, ಟೀಚರ್?” ಎಂದೆ.

“ದಾರ ಸರಿಯಾಗೇ ಇದೆ,” ಎಂದರು ಮಂಜುಳಮ್ಮ. “ನೀನು ಅದನ್ನು ನಂಬು.”